ಸಮುದ್ರಕ್ಕೆ ಬಿದ್ದ ಮನೆಗಳು

ಬೆಳಿಗ್ಗೆ ಕಚೇರಿಗೆ ಬಂದವಳೇ ಆಕೆ ಮೊದಲು ಸಮುದ್ರ ನೋಡುತ್ತಿದ್ದಳು. ಚೀಲವನ್ನು ಕುರ್ಚಿಗೆ ನೇತುಹಾಕಿ, ಕನ್ನಡಕ ಒರೆಸಿಕೊಂಡು, ಕಂಪ್ಯೂಟರಿನಲ್ಲಿ ಭೂಪಟ ತೆರೆಯುತ್ತಿದ್ದಳು. ಊರು, ಬೆಟ್ಟ, ನದಿಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತಾ ಹೋಗಿ, ನೆಲವೇ ಮುಗಿದು ಬರೀ ನೀಲಿ ಉಳಿದಲ್ಲಿ ನಿಲ್ಲುತ್ತಿದ್ದಳು. ಜ್ವರ ಬಂದ ದಿನವೂ ಮನೆಯಿಂದಲೇ ಒಮ್ಮೆ ಇಣುಕಿ ನೋಡಿ, ಆಮೇಲೆ ಹೊದ್ದು ಮಲಗಿದವಳು.

ಅಲ್ಲೇನಿದೆ ಎಂದರೆ, ಏನೂ ಇಲ್ಲ. ಭೂಮಿಯನ್ನು ಅಡ್ಡಕ್ಕೂ ಉದ್ದಕ್ಕೂ ಅಳೆಯುವ ಗೆರೆಗಳು ಸೊನ್ನೆಯಿಂದ ಶುರುವಾಗುತ್ತವಲ್ಲ, ಆ ಎರಡು ಸೊನ್ನೆಗಳು ಕೂಡುವ ಜಾಗ ಅದು. ಸುತ್ತ ನೀರೇ ನೀರು. ಯಾವುದಾದರೂ ಮನೆಯ ವಿಳಾಸ ಅರ್ಥವಾಗದಿದ್ದರೆ ಕಂಪ್ಯೂಟರು ಸೊನ್ನೆ, ಸೊನ್ನೆ ಎಂದು ಬರೆದು ಕೈತೊಳೆದುಕೊಳ್ಳುತ್ತಿತ್ತು. ಆ ಮನೆಯ ಚುಕ್ಕೆ ನೇರವಾಗಿ ಹೋಗಿ ಆ ನೀರಿನಲ್ಲಿ ಬೀಳುತ್ತಿತ್ತು. ಆಕೆ ಅವುಗಳನ್ನು ಒಂದೊಂದಾಗಿ ಎತ್ತಿ, ಆ ಮನೆಯವರಿಗೆ ಫೋನು ಮಾಡಿ ದಾರಿ ಕೇಳಿ, ತಂದು ಅವುಗಳ ಬೀದಿಯಲ್ಲೇ ಇಡುತ್ತಿದ್ದಳು. ಅದಕ್ಕೇ ಕಚೇರಿಯಲ್ಲಿ ಅವಳಿಗೆ ಬಲೆಯಕ್ಕ ಎಂಬ ಹೆಸರು ಅಂಟಿತ್ತು.

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಚೇರಿ ಅದು. ಬೇರೆ ಸಂಸ್ಥೆಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುವುದು ಅವರ ಕೆಲಸ. "ಕಂಪ್ಯೂಟರಿಗೆ ಬರೋ ಭಾಷೆ ಯಾವುದೇ ಇರಲಿ, ಅದು ನಮ್ಮಲ್ಲಿ ಒಬ್ಬರಿಗಾದರೂ ಬರತ್ತೆ" ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಮೂಲೆಯಲ್ಲಿ ತಾತ ಕೂರುತ್ತಿದ್ದ. ಮೊಮ್ಮಕ್ಕಳಿರುವ ತಾತನೇನಲ್ಲ, ಉಳಿದವರೆಲ್ಲ ಮರೆತ ಹಳೆಯ ಕಂಪ್ಯೂಟರ್ ಭಾಷೆಗಳು ಅವನೊಬ್ಬನಿಗೇ ಗೊತ್ತಿದ್ದುದರಿಂದ ಆ ಹೆಸರು. ಬಾಗಿಲ ಬಳಿ ಫೋನಿನವನು, ಮೊಬೈಲಿಗೆ ಆ್ಯಪ್ ಬರೆಯುವವನು. ನಡುವೆ, ಕಿಟಕಿಯ ಪಕ್ಕ, ಭೂಪಟದ ಬಲೆಯಕ್ಕ.

ಆ ವರ್ಷ ಮೂವರೂ ಸೇರಿ ಮನೆಮನೆಗೆ ಹೋಗುವ ನರ್ಸುಗಳಿಗಾಗಿ ಕೆಲಸ ಮಾಡುತ್ತಿದ್ದರು. ಆಸ್ಪತ್ರೆಯ ಹಳೇ ಕಂಪ್ಯೂಟರಿನಿಂದ ತಾತ ರೋಗಿಗಳ ವಿವರ ಹೊರತೆಗೆಯುತ್ತಿದ್ದ, ಬಲೆಯಕ್ಕ ಅವರ ಮನೆಗಳನ್ನು ಭೂಪಟದ ಮೇಲೆ ಕೂರಿಸುತ್ತಿದ್ದಳು, ಫೋನಿನವನು ಅದನ್ನು ನರ್ಸುಗಳ ಕೈಗೆ ಮುಟ್ಟಿಸುತ್ತಿದ್ದ. ಚುಕ್ಕೆ ಇದ್ದ ಮನೆಗೆ ನರ್ಸು ಹೋಗುತ್ತಿದ್ದಳು. ಇಲ್ಲದ ಮನೆಗೆ ಇಲ್ಲ.

ಬಲೆಯಕ್ಕ ಚಿಕ್ಕವಳಿದ್ದಾಗ ಅವಳ ಅಪ್ಪ ಬಾಡಿಗೆ ಮನೆ ಬದಲಿಸುತ್ತಲೇ ಇದ್ದವನು. ಮನೆ ಎಲ್ಲಿ ಎಂದು ಶಾಲೆಯಲ್ಲಿ ಕೇಳಿದರೆ ಅವಳು, "ಗಡಿಯಾರ ರಿಪೇರಿ ಅಂಗಡಿ ಹಿಂದೆ, ಬೆಕ್ಕು ಕೂತಿರತ್ತಲ್ಲ, ಆ ಮೆಟ್ಟಿಲು" ಎನ್ನುತ್ತಿದ್ದಳು. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಈಗ ಜನ ಫೋನಿನಲ್ಲಿ ಅಂಥದೇ ದಾರಿ ಹೇಳುವಾಗ ಅವಳಿಗೆ ಒಳಗೊಳಗೇ ಹಿಗ್ಗು. ನೀರಿಗೆ ಬಿದ್ದವರು ಅವಳ ಕಣ್ಣಿಗೆ ಬರೀ ಚುಕ್ಕೆಗಳಾಗಿ ಕಾಣುತ್ತಿರಲಿಲ್ಲ. ಮಂಚ, ಕುರ್ಚಿ, ಔಷಧಿ ಸೀಸೆಗಳ ಸಮೇತ ಅಲೆಗಳ ಮೇಲೆ ಕೂತು, ಗಾಳಿಗೆ ಮೆಲ್ಲಗೆ ಓಲಾಡುತ್ತಾ, ಯಾವ ಗಲಾಟೆಯೂ ಇಲ್ಲದೆ ಅವಳ ದಾರಿ ನೋಡುತ್ತಿರುವಂತೆ ಕಾಣುತ್ತಿದ್ದರು. ಸಂಜೆಯಾದರೂ ಯಾರಾದರೂ ನೀರಿನಲ್ಲೇ ಉಳಿದುಬಿಟ್ಟರೆ ಆಕೆ ಕಣ್ಣು ಮುಚ್ಚಿ, "ನಾನು ಬರೋ ತನಕ ನೀನೇ ನೋಡ್ಕೋ ತಂದೆ" ಎಂದು ದೇವರಿಗೆ ಒಪ್ಪಿಸಿ ಮನೆಗೆ ಹೊರಡುತ್ತಿದ್ದಳು.

ಒಂದು ಬೆಳಿಗ್ಗೆ ನೋಡುತ್ತಾಳೆ, ಸಮುದ್ರದಲ್ಲಿ ಯಾರೂ ಇಲ್ಲ. ಒಂದು ಚುಕ್ಕೆಯೂ ಇಲ್ಲದ ನೀಲಿ, ಒಗೆದು ಹರವಿದ ಬಟ್ಟೆಯಂತೆ. ಅವಳು ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಳು. ಮಾರನೆಯ ದಿನವೂ ಹಾಗೆಯೇ.

"ಏನಕ್ಕ, ಬಲೆ ಖಾಲಿನಾ?" ತಾತ ಮೂಲೆಯಿಂದ ಕೇಳಿದ.

"ಎಲ್ಲಾರೂ ದಡ ಸೇರಿದ್ದಾರೆ. ದೇವರು ಕಣ್ಣು ಬಿಟ್ಟ."

"ಹಾಗಾದ್ರೆ ನಿಮಗಿನ್ನು ಕೆಲಸ ಇಲ್ಲ. ಬನ್ನಿ, ನನ್ನ ಹಳೇ ಭಾಷೆ ಕಲೀರಿ."

"ಅಯ್ಯೋ, ಆಮೇಲೆ ನನ್ನನ್ನೂ ಅಜ್ಜಿ ಅಂತಾರೆ!"

ವಾರ ಕಳೆಯುವುದರೊಳಗೆ ನರ್ಸಮ್ಮ ಒಬ್ಬಳ ಫೋನು ಬಂತು. "ಅಕ್ಕ, ದರ್ಜಿ ಅಂಗಡಿ ಹಿಂದಿನ ಅಜ್ಜಿ ಒಬ್ರು, ಕಾಲಿನ ಹುಣ್ಣಿಗೆ ದಿನಾ ಪಟ್ಟಿ ಬದಲಿಸಬೇಕಂತೆ. ಅವರ ಮಗಳು ನನ್ನನ್ನ ಬೀದೀಲಿ ನಿಲ್ಲಿಸಿ ಉಗಿದು ಹೊರಟೇಹೋದ್ರು, ನಾನು ಹುಡುಕಿದ್ರೆ ಬಾಗಿಲೇ ಸಿಗ್ಲಿಲ್ಲ. ಒಂದು ದಿನಾನೂ ಯಾರೂ ಬಂದಿಲ್ವಂತೆ. ನನ್ನ ಫೋನಲ್ಲಿ ಆ ಮನೇನೇ ಇಲ್ಲ. ಸಕ್ಕರೆ ಕಾಯಿಲೆ ಬೇರೆ. ಹೀಗೇ ಬಿಟ್ರೆ ಕಾಲಿಗೇ ಬರತ್ತೆ."

ಬಲೆಯಕ್ಕ ಕೂಡಲೇ ಕಂಪ್ಯೂಟರಿನತ್ತ ತಿರುಗಿದಳು. ಊರಿನ ಭೂಪಟದಲ್ಲಿ ಹುಡುಕಿದಳು, ಅಜ್ಜಿ ಇಲ್ಲ. "ಸಮುದ್ರದಲ್ಲೂ ಇಲ್ಲ!" ಎಂದಳು.

ಫೋನಿನವನು ತಲೆಯೆತ್ತಿದ. "ಸಮುದ್ರದಲ್ಲಿ ಎಲ್ಲಿ ಸಿಗ್ತಾರಕ್ಕ? ಸೊನ್ನೆಗೆ ಬಿದ್ದಿದ್ದನ್ನೆಲ್ಲ ತೋರಿಸಬೇಡ ಅಂತ ನಾನೇ ಭೂಪಟದ ಪ್ರೋಗ್ರಾಮಿಗೆ ಒಂದು ಸಾಲು ಬರೆದೆ. ನೀವು ದಿನಾ ಬೆಳಿಗ್ಗೆ ಒದ್ದಾಡೋದು ನೋಡಕ್ಕಾಗ್ಲಿಲ್ಲ. ನಿಮ್ಮ ಹುಟ್ಟುಹಬ್ಬಕ್ಕೆ ಹೇಳೋಣ ಅಂತಿದ್ದೆ." ಹೇಳುತ್ತಾ ಹೇಳುತ್ತಾ ಅವನ ಮುಖ ಸಪ್ಪಗಾಯಿತು.

ಆಕೆ ಬೈಯಲಿಲ್ಲ. ಖಾಲಿ ನೀಲಿಯನ್ನು ನೋಡಿ ಹಿಗ್ಗಿದವಳು ತಾನೇ ಅಲ್ಲವೇ? "ಆ ಸಾಲು ತೆಗಿ" ಎಂದಳು ಅಷ್ಟೇ. ಅವನು ತೆಗೆದ. ಅಷ್ಟು ದಿನ ಮರೆಯಾಗಿದ್ದವರೆಲ್ಲ ಒಮ್ಮೆಗೇ ನೀರಿನ ಮೇಲೆ ಕಂಡರು, ಒಬ್ಬರ ಮೇಲೊಬ್ಬರು, ಗುಬ್ಬಿಗಳು ಮುತ್ತಿದಂತೆ. ತಾತ ತನ್ನ ಕೆಲಸ ಬಿಟ್ಟು ಬಂದು, ಕೇಳುವ ಮೊದಲೇ ಫೋನು ಎತ್ತಿಕೊಂಡು ಒಬ್ಬೊಬ್ಬರ ದಾರಿ ಕೇಳತೊಡಗಿದ. ಅಜ್ಜಿಯ ಮನೆಯ ಫೋನು ಮಾತ್ರ ಯಾರೂ ಎತ್ತಲಿಲ್ಲ.

ಬಲೆಯಕ್ಕ ಚಪ್ಪಲಿ ಮೆಟ್ಟಿ ಹೊರಟಳು. ಫೋನಿನವನೂ ಹಿಂದೆಯೇ ಬಂದ. ದರ್ಜಿ ಅಂಗಡಿಯ ಪಕ್ಕ ಒಬ್ಬರೇ ನುಸುಳುವಷ್ಟು ಸಂದು, ಅದರ ಕೊನೆಗೆ ನೀಲಿ ಡ್ರಮ್ಮು, ಡ್ರಮ್ಮಿನ ಹಿಂದೆ ಬಾಗಿಲು. ಒಳಗೆ ಕಿಟಕಿಯ ಬಳಿ ಅಜ್ಜಿ ಒಂದು ಕಾಲನ್ನು ಮಣೆಯ ಮೇಲಿಟ್ಟು ಕೂತಿದ್ದಳು. ಬಿಸಿಲು ಅವಳ ಮಡಿಲಿಗೆ ಬಿದ್ದಿತ್ತು. ಅಲೆಯ ಮೇಲೆ ಕಂಡಂತೆಯೇ, ಯಾವ ಗಲಾಟೆಯೂ ಇಲ್ಲದೆ.

"ನರ್ಸಮ್ಮನಾ? ಬಾರಮ್ಮ. ಬರ್ತೀರಿ ಬರ್ತೀರಿ ಅಂತ ಕಾದೆ."

"ನಾನು ನರ್ಸಲ್ಲ ಅಜ್ಜಿ, ಅವರನ್ನ ಈಗ ಕರೆಸ್ತೀನಿ. ನೀವು ನಮ್ಮ ಭೂಪಟದಲ್ಲಿ ಸಮುದ್ರಕ್ಕೆ ಬಿದ್ದುಬಿಟ್ಟಿದ್ರಿ."

"ಸಮುದ್ರಕ್ಕಾ!" ಅಜ್ಜಿ ತನ್ನ ಕಾಲನ್ನೇ ನೋಡಿಕೊಂಡಳು. "ಹುಣ್ಣು ಒದ್ದೆ ಮಾಡ್ಬೇಡಿ ಅಂತ ಡಾಕ್ಟ್ರು ಅಷ್ಟು ಹೇಳಿದ್ರಲ್ಲಮ್ಮ."

ಬಲೆಯಕ್ಕ ಕಣ್ಣೊರೆಸಿಕೊಂಡು ನಕ್ಕಳು. ಅಲ್ಲೇ ನಿಂತು, ಬಾಗಿಲಿನ ಗುರುತನ್ನು ಫೋನಿನ ಭೂಪಟದಲ್ಲಿ ಕೂರಿಸಿದಳು. ಚುಕ್ಕೆ ಕಂಡದ್ದೇ ನರ್ಸಮ್ಮ ಓಡೋಡಿ ಬಂದಳು. ಕೂತು ಹಳೇ ಪಟ್ಟಿ ಬಿಚ್ಚತೊಡಗಿದಳು. ಬಲೆಯಕ್ಕ ತುಟಿಯಲ್ಲೇ ದೇವರನ್ನು ಬೇಡಿಕೊಳ್ಳುತ್ತಿದ್ದಳು.

"ಕೆಂಪಗಿದೆ" ಎಂದಳು ನರ್ಸಮ್ಮ ಕೊನೆಗೆ. "ಆದ್ರೆ ಕೊಳೆತಿಲ್ಲ. ದಿನಾ ಬಂದು ನೋಡ್ಕೊಂಡ್ರೆ ಕಾಲು ಉಳಿಯತ್ತೆ."

ವಾಪಸು ಬರುವಾಗ ಫೋನಿನವನು ಸಂದಿನ ಬಾಯಲ್ಲೇ ನಿಂತ. "ಅಕ್ಕ, ಇದನ್ನ ನಾನೇ ಸರಿ ಮಾಡ್ತೀನಿ. ಗುರುತು ಸಿಗದ ಮನೆ ಇನ್ಮೇಲೆ ಸಮುದ್ರಕ್ಕೆ ಬೀಳೋದೇ ಬೇಡ. ಅದೇ ಬೀದೀಲಿರೋ ಯಾವುದಾದ್ರೂ ಮನೆ ಪಕ್ಕ ತಾನೇ ಹೋಗಿ ಕೂರೋ ಹಾಗೆ ಬರೀತೀನಿ. ಬೆಳಿಗ್ಗೆ ನೀವು ಆರಾಮಾಗಿ ಕಾಫಿ ಕುಡೀಬಹುದು."

ಆಕೆ ಅವನ ಬೆನ್ನು ತಟ್ಟಿದಳು.

"ಬೇಡಪ್ಪ. ಸಮುದ್ರದಲ್ಲಿದ್ರೆ ಕಳೆದುಹೋಗಿದ್ದಾರೆ ಅಂತ ನನಗೆ ಗೊತ್ತಾಗತ್ತೆ. ಇನ್ನೊಬ್ಬರ ಮನೆ ಪಕ್ಕ ಕೂತ್ಕೊಂಡ್ರೆ ಅವರನ್ನ ಯಾರು ಹುಡುಕ್ತಾರೆ? ನೀರಲ್ಲೇ ಇರ್ಲಿ ಬಿಡು. ನಾನು ಹೇಗೂ ಬೆಳಿಗ್ಗೆ ಬರ್ತೀನಲ್ಲ."