ಒಂದೂವರೆ ಗಜ ಕೆಂಪು

ಮೊಮ್ಮಗಳ ಮದುವೆ ಗೊತ್ತಾಗಿದೆ. ಅವಳಿಗೆ ನನ್ನ ಹಳೆಯ ಜಪಮಾಲೆಯೇ ಬೇಕಂತೆ. ಮೊನ್ನೆ ಟ್ರಂಕು ತೆಗೆದೆ, ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಜಪಮಾಲೆ ಸುತ್ತಿಟ್ಟಿದ್ದ ಬಟ್ಟೆ ಬಿಚ್ಚಿದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಂಗೈಯಗಲದ ಕೆಂಪು ಚೂರು, ಅಂಚಿನಲ್ಲಿ ಒಂದು ಹಳದಿ ಎಳೆ. "ಏನಜ್ಜಿ, ತಲೆ ಸುತ್ತಿತಾ?" ಎಂದಳು ಹುಡುಗಿ. "ಇಲ್ಲ ಕಣೇ, ಮಂಡಿ ನೋವು" ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಪಳಗಿದವಳು. ಬಾಯಿ ಬಿಡದೆಯೇ ಹೇಳಿದ ಸುಳ್ಳೊಂದನ್ನು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು, ಕೇಳಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ಮಳೆಗಾಲ ಕಳೆದಿದ್ದವು. ಹಾರಂಗಿ ಹೊಳೆಯ ಈಚೆಗಿನ ಕಾಫಿ ಎಸ್ಟೇಟೊಂದರಲ್ಲಿ ನಮ್ಮಪ್ಪ ಇನ್ನಾಸಪ್ಪ ಲೆಕ್ಕ ಬರೆಯುವ ರೈಟರು. ಹಾಸನದ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರು ನಾವು. ಅಮ್ಮ ತೀರಿಕೊಂಡಿದ್ದಳು. ಅಪ್ಪನಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬನಿರಲಿಲ್ಲ. ಎಸ್ಟೇಟಿನ ದೊರೆಯ ಜೀಪಿನ ಸದ್ದು ಕೇಳಿದರೆ ಊಟದ ಎಲೆ ಮುಂದಿದ್ದರೂ ಎದ್ದು ನಿಲ್ಲುತ್ತಿದ್ದ. ಇಂಥವನನ್ನು ಊರು ಸಾಯುವ ತನಕ 'ಕಮ್ಯುನಿಸ್ಟ್ ಇನ್ನಾಸಪ್ಪ' ಎಂದು ಕರೆಯಿತು. ನಗಬೇಕೋ ಅಳಬೇಕೋ ನೀವೇ ಹೇಳಿ.

ಆಗ ಪಕ್ಕದ ಕೇರಳದಲ್ಲಿ ಕಮ್ಯುನಿಸ್ಟರ ಸರ್ಕಾರ ಬಂದಿತ್ತು. ಗಡಿಯ ಈಚೆಗೂ ಅದರ ಬಿಸಿ ತಟ್ಟಿತ್ತು. ನಮ್ಮ ಚರ್ಚಿನ ಗುರುಗಳು, ಸ್ವಾಮಿಗಳು ಅನ್ನುತ್ತಿದ್ದೆವು, ವಾರವಾರವೂ ಅದೇ ಪ್ರಸಂಗ ಮಾಡುತ್ತಿದ್ದರು. ಅವರು ದೇವರಿಲ್ಲ ಅನ್ನುವವರು, ಅವರ ಜೊತೆ ಸೇರಿದವರಿಗೆ ಪೂಜೆಯಲ್ಲಿ ಕೊಡುವ ಸತ್ಪ್ರಸಾದವಿಲ್ಲ. ಪೂಜೆ ಮುಗಿಸಿ ಹೊರಗೆ ಬಂದ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೂಲಿ ಕಡಿಮೆಯಾಯಿತು ಅಂದವನು ಕಮ್ಯುನಿಸ್ಟ್, ಮೀಸೆ ದಪ್ಪ ಬಿಟ್ಟವನೂ ಕಮ್ಯುನಿಸ್ಟ್.

ನನಗೆ ಹೊಲಿಗೆ ಬರುತ್ತಿತ್ತು. ಪವಿತ್ರಾತ್ಮರ ಹಬ್ಬದ ದಿನ ಪೂಜಾಪೀಠಕ್ಕೆ ಕೆಂಪು ಹೊದಿಕೆ ಹಾಕುವುದು ನಮ್ಮ ಪದ್ಧತಿ. ಸ್ವಾಮಿಗಳು ಮೈಸೂರಿನಿಂದ ಕೆಂಪು ಬಟ್ಟೆಯ ತಾನು ತರಿಸಿ, ಹೊದಿಕೆ ಹೊಲಿಯಲು ನನಗೆ ಕೊಟ್ಟರು. ಒಂದೂವರೆ ಗಜ ಮಿಕ್ಕಿತು. ಅದನ್ನು ವಾಪಸು ಕೊಡಬೇಕಿತ್ತು. ಅಷ್ಟರಲ್ಲಿ ಕೂಲಿಗಳ ಸಾಲುಮನೆಗಳ ಲೈನಿನ ಪಳನಿಯಮ್ಮ ಬಂದು, "ಪಾಪೂಗೆ ಒಂದು ಪಾವಾಡೆ ಆಗ್ತದಲ್ಲಮ್ಮಾ" ಎಂದು ಬಟ್ಟೆ ಸವರಿದಳು. ಮಗುವಿನ ಲಂಗಕ್ಕೆ ತಾನೇ ಎಂದು ಕೊಟ್ಟುಬಿಟ್ಟೆ. ಅಂಗೈಯಗಲದ ಚೂರೊಂದು ನನ್ನಲ್ಲೇ ಉಳಿಯಿತು.

ಕಾಫಿ ಕುಯ್ಲಿನ ಹೊತ್ತಿಗೆ ನನ್ನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ, ಪೂಜೆಯ ನಡುವೆ ಗುರುಗಳು ಹೆಸರು ಕೂಗುತ್ತಾರೆ. ಇಂಥವರ ಮಗ, ಇಂಥವರ ಮಗಳು, ಅಡ್ಡಿ ತಿಳಿದವರು ಎದ್ದು ಹೇಳಿ ಅಂತ. ಮೂರು ಸಲ ಕೂಗದೆ ಮದುವೆಯಿಲ್ಲ. ಉಪವಾಸಕಾಲ ಶುರುವಾಯಿತೆಂದರೆ ಈಸ್ಟರಿನ ತನಕ ಮದುವೆಯ ಮಾತೇ ಇಲ್ಲ, ಗಂಡಿನವರೋ ಕಾಯುವ ಪೈಕಿಯಲ್ಲ. ಮೊದಲ ಭಾನುವಾರ ಕೂಗಿದರು. ನಾನು ಮುಸುಕಿನೊಳಗೆ ನಕ್ಕೆ.

ಅದೇ ವಾರ ಲೈನಿನವರು ಕುಯ್ಲಿಗೆ ಹೋಗಲಿಲ್ಲ. ಮಾಡು ಸೋರಿ ಎರಡು ಮಳೆಗಾಲ ಮಕ್ಕಳು ನೆನೆದಿದ್ದರು. ದುರಸ್ತಿ ಆಗುವ ತನಕ ಕೈ ಆಡಿಸುವುದಿಲ್ಲ ಎಂದು ಕೂತರು. ಲೈನಿನ ಮುಂದೆ ಬಿದಿರು ನೆಟ್ಟು ಕೆಂಪು ಬಾವುಟ ಕಟ್ಟಿದರು. ಪಳನಿಯಮ್ಮನ ಗಂಡನಿಗೆ ಮನೆಯಲ್ಲಿ ಕೈಗೆ ಸಿಕ್ಕಿದ ಕೆಂಪು ಬಟ್ಟೆ ಅದೊಂದೇ. ಪಾಪೂನ ಪಾವಾಡೆ ಬಾವುಟವಾಯಿತು!

ದೊರೆ ಸ್ವಾಮಿಗಳನ್ನು ಕರೆಸಿ ತೋರಿಸಿದ. ಹಳದಿ ಎಳೆಯ ಆ ಅಂಚನ್ನು ಸ್ವಾಮಿಗಳು ದೂರದಿಂದಲೇ ಗುರುತಿಸಿದರು. ಸಂಜೆ ನಮ್ಮ ಮನೆಗೆ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ.

"ಪೀಠದ ಬಟ್ಟೆ ಅದು, ಇನ್ನಾಸಪ್ಪ. ಅಲ್ಲಿಗೆ ಹೇಗೆ ಹೋಯ್ತು?"

ನಾನು ಬಾಗಿಲ ಹಿಂದೆ ಸರಿದೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಅವನಿಗೆ ಅರ್ಥವಾಗಿತ್ತು.

"ನಾನೇ ಕೊಟ್ಟೆ ಸ್ವಾಮಿ."

"ನೀನು ಅವರ ಪೈಕಿಯೋ?"

"ನಾನು ಯಾರ ಪೈಕೀನೂ ಅಲ್ಲ ಸ್ವಾಮಿ. ಮಾಡು ಸೋರೋದು ಮಾತ್ರ ನಿಜ."

ಸ್ವಾಮಿಗಳು ಕಾಗದ ಬರೆಯಲು ಹೇಳಿದರು. ತಪ್ಪಾಯಿತು ಅನ್ನಬೇಕು, ಬಾವುಟ ಕಟ್ಟಿದವರ ಹೆಸರು ಹೇಳಬೇಕು. ಬರೆಯುವವರೆಗೆ ಅಪ್ಪನಿಗೆ ಸತ್ಪ್ರಸಾದವಿಲ್ಲ, ನನ್ನ ಹೆಸರು ಕೂಗುವುದಿಲ್ಲ. ದೊರೆಯ ಜೀಪಿಗೆ ಬೆದರುವ ಅಪ್ಪ ಅಂದು ಕೈಕಟ್ಟಿ ನಿಂತು, "ಹೆಸರು ಬರೆದ್ರೆ ಅವರನ್ನ ನಾಳೆನೇ ತೋಟದಿಂದ ಓಡಿಸ್ತಾರೆ ಸ್ವಾಮಿ. ನನ್ನ ಕೈಲಾಗಲ್ಲ" ಎಂದುಬಿಟ್ಟ.

ಅವರು ಹೋದ ಮೇಲೆ ನಾನು ಅತ್ತೆ. "ನಾನೇ ಹೋಗಿ ಹೇಳ್ತೀನಪ್ಪಾ" ಎಂದೆ. "ಸುಮ್ಕಿರು ಮಗ. ನೀನು ಕೊಟ್ಟೆ ಅಂದ್ರೆ ನಿನಗೇ ಆ ಹೆಸರು ಅಂಟ್ಕೊಳ್ತದೆ. ಗಂಡಿನೋರು ತಿರುಗಿ ನೋಡಲ್ಲ. ನನಗಾದ್ರೆ ಏನು, ಇನ್ನು ಮದುವೆ ಆಗ್ಬೇಕಾ?" ಎಂದು ನಕ್ಕ.

ಎರಡನೆಯ ಭಾನುವಾರ ನನ್ನ ಹೆಸರು ಕೂಗಲಿಲ್ಲ. ಇಡೀ ಚರ್ಚು ತಿರುಗಿ ನೋಡಿತು. ಅಂದೇ ಮಧ್ಯಾಹ್ನ ಅಪ್ಪ ಸ್ವಾಮಿಗಳ ಮನೆ ಬಾಗಿಲಿಗೆ ಹೋಗಿ ಕೇಳಿಕೊಂಡನಂತೆ: "ನನ್ನ ಹೆಸರು ಬಿಟ್ಟು ಕೂಗಿ ಸ್ವಾಮಿ. ಹುಡುಗಿದೇನು ತಪ್ಪು?" ಸ್ವಾಮಿಗಳು ಕಲ್ಲೆದೆಯವರಲ್ಲ, ಒಪ್ಪಿದರು. ಮುಂದಿನ ಎರಡು ಭಾನುವಾರವೂ ನಾನು 'ದಿವಂಗತ ಮರಿಯಮ್ಮನವರ ಮಗಳು' ಮಾತ್ರ. ಬದುಕಿದ್ದ ಅಪ್ಪ ಕೊನೆಯ ಬೆಂಚಿನಲ್ಲಿ ಕೂತು ಅದನ್ನು ಕೇಳಿಸಿಕೊಂಡ.

"ಅಡ್ಡಿ ತಿಳಿದವರು ಎದ್ದು ಹೇಳಿ" ಎಂದರು ಸ್ವಾಮಿಗಳು. ಕೊನೆಯ ಸಲ ಅವರು ಹಾಗಂದಾಗ ಚರ್ಚಿನಲ್ಲಿ ಒಂದು ಕೆಮ್ಮೂ ಇಲ್ಲ. ಏಳಬೇಕು, ಹೇಳಬೇಕು ಎಂದು ಬೆಂಚಿನ ಅಂಚು ಹಿಡಿದೆ. ಜಪಮಾಲೆಯ ಮಣಿ ತಿರುಗಿಸುತ್ತ ಕೂತೆ. ನನಗೆ ಮದುವೆ ಬೇಕಿತ್ತು, ಅಷ್ಟೇ.

ಮುಂದಿನ ಮಳೆಗೆ ಲೈನಿನ ಮಾಡಿಗೆ ಹೊಸ ತಗಡು ಬಂತು. ಅಪ್ಪ ಕಾಗದ ಬರೆಯಲೇ ಇಲ್ಲ. ಇದ್ದಷ್ಟು ದಿನ ಪೂಜೆಗೆ ತಪ್ಪದೆ ಹೋಗಿ, ಎಲ್ಲರೂ ಸತ್ಪ್ರಸಾದಕ್ಕೆ ಎದ್ದಾಗ ಕೊನೆಯ ಬೆಂಚಿನಲ್ಲಿ ಒಬ್ಬನೇ ತಲೆ ತಗ್ಗಿಸಿ ಕೂತಿರುತ್ತಿದ್ದ. ನಾನು ಗಂಡನಿಗೂ ಹೇಳಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. "ನಿಮ್ಮಪ್ಪ ಕಮ್ಯುನಿಸ್ಟಲ್ವಾ" ಎಂದು ಯಾರಾದರೂ ಅಂದರೆ ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದೆ.

ಈಗ ಮೊಮ್ಮಗಳು ಮದುವೆಯಾಗುವ ಹುಡುಗ ಯಾವುದೋ ಪಕ್ಷದ ಸಭೆಯಲ್ಲಿ ಕಂಡನಂತೆ. "ನಮ್ಮ ಜನ ಆಗಿ ಅತ್ತ ಕಡೆ ಹೋಗೋದಾ?" ಎಂದು ಚರ್ಚಿನ ಅಂಗಳದಲ್ಲಿ ಗುಸುಗುಸು. ಹುಡುಗಿಯ ಮುಖ ಬಾಡಿದೆ. ಬಣ್ಣ ಬೇರೆ, ಗುಸುಗುಸು ಅದೇ.

ನಿನ್ನೆ ಮೊದಲ ಭಾನುವಾರ. ಎಳೆಯ ಪ್ರಾಯದ ಗುರುಗಳು ಇಬ್ಬರ ಹೆಸರು ಓದಿ, ಅಡ್ಡಿ ತಿಳಿದವರು ಹೇಳಿ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಮುಷ್ಟಿಯಲ್ಲಿ ಆ ಕೆಂಪು ಚೂರಿತ್ತು. ಎದ್ದು ನಿಂತೆ. ಮೊಮ್ಮಗಳು ಬೆಚ್ಚಿ ನನ್ನ ಸೆರಗು ಹಿಡಿದಳು.

"ಅಡ್ಡಿ ಏನಿಲ್ಲ ಸ್ವಾಮಿ. ನನ್ನ ಮದುವೆಗೆ ಕೂಗಿದಾಗ ಒಂದು ಹೆಸರು ಬಿಟ್ಟಿದ್ರು. ನಾನು ಇನ್ನಾಸಪ್ಪನ ಮಗಳು. ಲೈನಿನವರಿಗೆ ಆ ಕೆಂಪು ಬಟ್ಟೆ ಕೊಟ್ಟವಳು ನಾನು, ನಮ್ಮಪ್ಪ ಅಲ್ಲ."

ಗುರುಗಳಿಗೆ ತಲೆಬುಡ ತಿಳಿಯಲಿಲ್ಲ, ಪಾಪ. ಹಿಂದಿನ ಸಾಲಿನ ಪಿಸುಮಾತು ಮಾತ್ರ ನಿಂತಿತು. ನಾನು ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. "ಕೂತ್ಕೊಳಿ ಅಜ್ಜಿ" ಎಂದಳು ಮೊಮ್ಮಗಳು. ಕೂತೆ. ಮಂಡಿ ಈಗ ನಿಜವಾಗಿಯೂ ನೋಯುತ್ತಿತ್ತು.