ಕಷ್ಟದವರ ಪಾಲು

ತನಿಯಣ್ಣನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಅವರ ಮುಖ ನೋಡಿಯೇ ಯಾರೋ ಕಟ್ಟಿರಬೇಕು.

ಕತಾರಿನ ದೋಹಾದಲ್ಲಿರುವ ನಮ್ಮ ಕರಾವಳಿಯವರ ಸಂಘ ವರ್ಷಕ್ಕೊಮ್ಮೆ ಅನುಮತಿ ಪಡೆದು ಲಕ್ಕಿ ಡ್ರಾ ನಡೆಸುತ್ತದೆ. ಬಹುಮಾನ ಕೊಟ್ಟು ಉಳಿದದ್ದರಲ್ಲಿ ನಾಟಕಕ್ಕೊಂದು ಪಾಲು, ಕಬಡ್ಡಿಗೊಂದು ಪಾಲು, ಕಷ್ಟದಲ್ಲಿರುವವರಿಗೊಂದು ಪಾಲು. ಹದಿನೇಳು ವರ್ಷಗಳಿಂದ ಎಲ್ಲರಿಗಿಂತ ಹೆಚ್ಚು ಕೂಪನ್ ಮಾರುತ್ತಿದ್ದವರು ತನಿಯಣ್ಣ. ಅಲ್ ಹಿಲಾಲಿನ ಸಣ್ಣ ಕಂಪನಿಯೊಂದರಲ್ಲಿ ಪ್ಲಂಬರ್. ನಲ್ಲಿ ರಿಪೇರಿಗೆ ಹೋದ ಮನೆಯಲ್ಲೂ ಊರಿನವರು ಸಿಕ್ಕಿದರೆ ಸ್ಪ್ಯಾನರ್ ಕೆಳಗಿಟ್ಟು ಕೂಪನ್ ಪುಸ್ತಕ ತೆಗೆಯುತ್ತಿದ್ದರು. ಯಾರ ಅಪ್ಪನಿಗೆ ಹೃದಯದ ಕಾಯಿಲೆ, ಯಾರ ತಂಗಿಗೆ ಡಯಾಲಿಸಿಸ್ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಕಷ್ಟದವರ ಪಾಲಿಗೆ ಎರಡು ಕಟ್ಟಳೆಗಳಿವೆ. ಯಾರೂ ತಮಗಾಗಿ, ತಮ್ಮ ಮನೆಯವರಿಗಾಗಿ ಕೇಳಬಾರದು. ಅವರ ಪರವಾಗಿ ಬೇರೆಯವರು ಕೇಳಬೇಕು. ಆಮೇಲೆ ಕಾರ್ಯದರ್ಶಿ ರೋಗಿಗೆ ಫೋನ್ ಮಾಡಿ ವಿಚಾರಿಸಬೇಕು. ಒಬ್ಬ ಮಹಾನುಭಾವ ಎಂದೋ ಸತ್ತ ಅಜ್ಜಿಯ ಚಿಕಿತ್ಸೆಗೆಂದು ದುಡ್ಡು ಪಡೆದು ಬೈಕ್ ಕೊಂಡ ಮೇಲೆ, ಹಟ ಹಿಡಿದು ಈ ಕಟ್ಟಳೆಗಳನ್ನು ಮಾಡಿಸಿದವರು ತನಿಯಣ್ಣನೇ.

ಅವರ ಕಂಪನಿ ಐದು ತಿಂಗಳಿಂದ ಸಂಬಳ ಕೊಟ್ಟಿರಲಿಲ್ಲ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಮೂಲ್ಕಿ ಹತ್ತಿರದ ಮನೆಯಲ್ಲಿ ಹೆಂಡತಿ ವಾರಿಜಾಕ್ಷಿಗೆ ಸ್ತನದ ಕ್ಯಾನ್ಸರ್ ಎಂದು ಖಚಿತವಾಗಿತ್ತು. ತಿಂಗಳೊಳಗೆ ಆಪರೇಷನ್ ಆಗಲೇಬೇಕು, ತಡಮಾಡಿದರೆ ಜೀವಕ್ಕೆ ಭರವಸೆಯಿಲ್ಲ ಎಂದಿದ್ದರು ಡಾಕ್ಟರು. ಯಾರಾದರೂ ತನ್ನ ಪರವಾಗಿ ಕೇಳಿಯಾರು ಎಂದು ತನಿಯಣ್ಣ ಕಾದರಂತೆ. ಬಾಯಿ ಬಿಟ್ಟು ಹೇಳದಿದ್ದರೆ ಯಾರಿಗೆ ಕನಸು ಬೀಳಬೇಕು? ಎಲ್ಲರ ಕಷ್ಟವನ್ನು ಸಭೆಗೆ ತರುತ್ತಿದ್ದವರೇ ಅವರು.

ಶುಕ್ರವಾರ ಸಂಜೆ ಅಲ್ ಮನ್ಸೂರಾದ ಹೋಟೆಲೊಂದರ ಮಹಡಿಯಲ್ಲಿ ಪಾಲು ಹಂಚಲು ಕೂತೆವು. ಆ ವರ್ಷವಷ್ಟೇ ಕಾರ್ಯದರ್ಶಿಯಾಗಿದ್ದ ಶರ್ಮಿಳಾ, "ಈ ಸಲ ಕಷ್ಟದವ್ರು ಎಷ್ಟು ಜನ ಉಂಟು ತನಿಯಣ್ಣ?" ಎಂದು ಕೇಳಿದಳು.

"ಒಬ್ರೇ. ವಾರಿಜಾಕ್ಷಿ ಅಂತ, ಮೂಲ್ಕಿ ಹತ್ರ. ಕ್ಯಾನ್ಸರ್."

"ನಿಮಗೆ ಎಂತ ಆಗ್ಬೇಕು?"

"ಎಂತ ಇಲ್ಲ. ಗುರ್ತದವ್ರು."

ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಹೀಗೆ ಅಂದರು; ಊರಲ್ಲಿದ್ದ ಅವಳ ಹೆಸರು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಿಂದಿನ ಕಾರ್ಯದರ್ಶಿಗಳು ಮರುದಿನ ಫೋನ್ ಮಾಡುತ್ತಿದ್ದರು. ಅಷ್ಟರೊಳಗೆ ಹೆಂಡತಿಗೆ ಹೇಗಾದರೂ ಹೇಳಿಕೊಡೋಣ ಎಂದು ಅವರು ಲೆಕ್ಕ ಹಾಕಿದ್ದರು. ಆದರೆ ಶರ್ಮಿಳಾ ಅವರಿಂದ ನಂಬರ್ ಕೇಳಿ ಕೂತಲ್ಲಿಂದಲೇ ಒತ್ತಿದಳು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಹೌದು ಮೇಡಂ, ಆಪರೇಷನ್ ಉಂಟು," ಎಂದಿತು ಆ ಕಡೆಯ ದನಿ. "ಆದ್ರೆ ನಮಗೆ ದುಡ್ಡು ಬೇಡ. ನನ್ನ ಗಂಡ ಅಲ್ಲೇ ಕತಾರಲ್ಲಿ ಇರುದು. ಮೊನ್ನೆ ಸಂಬಳ ಆಯ್ತಂತೆ, ಈ ವಾರ ಕಳಿಸ್ತಾರೆ. ಗತಿ ಇಲ್ಲದವ್ರಿಗೆ ಯಾರಿಗಾದ್ರೂ ಕೊಡಿ."

ಶರ್ಮಿಳಾ ಹೆಸರಿನ ಮೇಲೆ ಗೀಟು ಎಳೆದಳು. "ಖಲಾಸ್. ಹಾಗಾದ್ರೆ ಆ ಪಾಲು ಈ ಸಲ ನಮ್ಮ ಆಟದ ಮ್ಯಾಟಿಗೆ ಕೊಡುವ," ಎಂದ ಕಬಡ್ಡಿ ತಂಡದ ಸುಶಾಂತ್. ನಾನೂ ತಲೆಯಾಡಿಸಿದೆ.

ತನಿಯಣ್ಣ ಎದ್ದು ನಿಂತರು.

"ಆ ಗಂಡ ನಾನೇ," ಎಂದರು. "ಕಳಿಸ್ಲಿಕ್ಕೆ ನನ್ನ ಹತ್ರ ಎಂತದೂ ಇಲ್ಲ."

ಫೋನ್ ಇನ್ನೂ ಕಟ್ ಆಗಿರಲಿಲ್ಲ.

"ಇವ್ರೇ, ನೀವಾ ಅದು? ಮೊನ್ನೆ ಸಂಬಳ ಆಯ್ತು ಅಂತ ಹೇಳಿದ್ದು?"

"ಸುಳ್ಳು, ವಾರಿಜ. ಐದು ತಿಂಗಳಾಯ್ತು."

ತನಿಯಣ್ಣ ಗೋಡೆಯ ಕಡೆ ತಿರುಗಿ ಅಳುತ್ತಿದ್ದರು.

"ಮೇಡಂ, ನಾನು ಬೇಡ ಅಂದದ್ದು ಹೊಡ್ದು ಹಾಕಿ," ಎಂದಳು ವಾರಿಜಾಕ್ಷಿ. "ಅವ್ರಿಗೆ ಅವ್ರದ್ದು ಕೇಳ್ಲಿಕ್ಕೆ ಬರುದಿಲ್ಲ. ನಾನೇ ಕೇಳ್ತಿದ್ದೇನೆ, ಕೊಡಿ."