ಕಂಬಕ್ಕೆ ಟೊಂಕ ಕಟ್ಟಿದವನು

ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಅವನನ್ನು ಕರೆಯುವುದು ಟೊಂಕದಣ್ಣ ಎಂದೇ. ಬೇರೆಯವರು ಟೊಂಕ ಕಟ್ಟಿ ಕೆಲಸಕ್ಕೆ ನಿಂತರೆ, ಇವನ ಕೆಲಸವೇ ಟೊಂಕ ಕಟ್ಟುವುದು. ತನಗಲ್ಲ, ಕಂಬಗಳಿಗೆ. ಹಳೆಯ ಕಟ್ಟಡಗಳಲ್ಲಿ ಭಾರ ಹೊತ್ತು ಹೊತ್ತು ಸೋತ ಕಾಂಕ್ರೀಟ್ ಕಂಬಗಳಿಗೆ, ಕಾರ್ಬನ್ ನಾರಿನ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ ಬಿಗಿಯಾಗಿ ಸುತ್ತುತ್ತಾನೆ. ಅಂಟು ಒಣಗಿದ ಮೇಲೆ ಬಟ್ಟೆ ಬಟ್ಟೆಯಾಗಿ ಉಳಿಯುವುದಿಲ್ಲ, ಕಲ್ಲಿನಂತಾಗಿ ಕಂಬವನ್ನು ತಬ್ಬಿ ಹಿಡಿಯುತ್ತದೆ.

"ಮೂಟೆ ಎತ್ತೋನು ಸೊಂಟಕ್ಕೆ ಬಿಗಿಯಾಗಿ ಟವಲ್ ಸುತ್ಕೊಳ್ಳಲ್ವಾ? ಹಾಗೇ ಕಣ್ರೀ, ಇಷ್ಟೇ," ಎನ್ನುತ್ತಾನೆ ಕೇಳಿದವರಿಗೆ.

ಯಾರು ಕಲಿಸಿದರು ಎಂದರೆ ಮಾತ್ರ ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. "ನಮ್ಮ ದೊಡ್ಡಮ್ಮ" ಎನ್ನುತ್ತಾನೆ.

ದೊಡ್ಡಮ್ಮ ಟೈಲರ್. ಮೂರಂತಸ್ತಿನ ಕಟ್ಟಡವೊಂದರ ನೆಲಮಹಡಿಯಲ್ಲಿ ಅವಳ ಅಂಗಡಿ. ತೀರಿಕೊಂಡ ತಂಗಿಯ ಮಗನನ್ನು ಕರೆತಂದು ಸಾಕಿದಳು, ತನ್ನ ಕಸುಬನ್ನೂ ಕಲಿಸಲು ಹೊರಟಳು. ಅವನೋ, ಸೂಜಿ ಹಿಡಿದರೆ ಬಟ್ಟೆಗಿಂತ ಬೆರಳನ್ನೇ ಹೆಚ್ಚು ಹೊಲಿಯುತ್ತಿದ್ದ. ಆದರೆ ಬಟ್ಟೆ ಹಾಸುವುದು, ಎಳೆಯ ದಿಕ್ಕು ನೋಡುವುದು, ಸುಕ್ಕನ್ನು ಅಂಗೈಯಿಂದ ಅಂಚಿಗೆ ತಳ್ಳುವುದು ಅವನ ಕೈಗೆ ಹತ್ತಿತು. ಒಮ್ಮೆ ಗಿರಾಕಿಯೊಬ್ಬರ ಕೋಟಿನ ಬಟ್ಟೆಯನ್ನು ಎರಡೂ ತೋಳು ಎಡಗೈಯದೇ ಆಗುವಂತೆ ಕತ್ತರಿಸಿಬಿಟ್ಟ. ಗಿರಾಕಿ ಹಾರಾಡಿದಾಗ ದೊಡ್ಡಮ್ಮ ಅವನನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿ, "ನನ್ನ ಕೈ ತಪ್ಪು ಸಾರ್," ಎಂದಳು. ಬೇರೆ ಬಟ್ಟೆ ತಂದು ಹೊಲಿದುಕೊಟ್ಟಳು. ಗಿರಾಕಿ ಹೋದ ಮೇಲೂ ಬೈಯಲಿಲ್ಲ.

"ಎರಡೂ ಎಡಗೈ ಇರೋ ಗಿರಾಕಿ ಸಿಗೋವರೆಗೂ ಈ ತೋಳುಗಳನ್ನ ಎತ್ತಿಡು ಮಗಾ," ಎಂದು ನಕ್ಕಳು.

ಎಷ್ಟೋ ವರ್ಷಗಳ ಮೇಲೆ ಅದೇ ಅಂಗಡಿಯ ನಡುವಿನ ಕಂಬ ಬಿರುಕು ಬಿಟ್ಟಿತು. ಪೈಪು ಸೋರಿ ಸೋರಿ ಒಳಗಿನ ಕಂಬಿಗಳಿಗೆ ತುಕ್ಕು ಹಿಡಿದಿತ್ತು. ಕಟ್ಟಡದ ಮಾಲೀಕರು ಕಡ್ಡಿ ಮುರಿದಂತೆ ಹೇಳಿದರು: ಕಂಬ ಸರಿಹೋದರೆ ಸರಿ, ಇಲ್ಲವಾದರೆ ಕಟ್ಟಡ ಕೆಡವುವುದೇ. ಇನ್ನೊಂದು ಅಂಗಡಿ ಹಿಡಿಯುವ ವಯಸ್ಸು ದೊಡ್ಡಮ್ಮನದಲ್ಲ, ಮಷೀನು ಬಿಟ್ಟು ಮನೆಯಲ್ಲಿ ಕೂರುವ ಜಾಯಮಾನವೂ ಅಲ್ಲ. ಟೊಂಕದಣ್ಣ ತನ್ನ ಇಂಜಿನಿಯರ್ ಮೇಡಂ ಬಳಿ ಹೋಗಿ ಆ ಕೆಲಸವನ್ನು ಕೇಳಿ ಪಡೆದ.

ಮೇಲಿನ ಭಾರ ಹೊರಲು ಜಾಕಿಗಳು ಬಂದು ನಿಂತವು. ಸಡಿಲ ಕಾಂಕ್ರೀಟ್ ಉದುರಿಸಿ, ತುಕ್ಕು ಉಜ್ಜಿ, ಗಾರೆ ತುಂಬಿದರು. ಗಾರೆ ಒಣಗಿದ ಮೇಲೆ ಟೊಂಕದಣ್ಣ ಗ್ರೈಂಡರ್ ಹಿಡಿದು ಕಂಬದ ಮೂಲೆಗಳನ್ನು ದುಂಡಗೆ ಸವೆಸತೊಡಗಿದ.

"ಇರೋ ಮೈಯನ್ನೂ ಕರಗಿಸ್ತಿದೀಯಲ್ಲೋ!" ಎಂದಳು ದೊಡ್ಡಮ್ಮ.

"ಮೂಲೆ ಚೂಪಾಗಿದ್ರೆ ಬಟ್ಟೆ ಅಲ್ಲೇ ಹರಿಯುತ್ತೆ. ಮೊಣಕೈ ಹತ್ರ ಅಂಗಿ ಹರಿಯಲ್ವಾ?"

"ಹೊಲಿಗೆ ಇಲ್ಲದ ಅಂಗಿ ಹರೀದೆ ಇನ್ನೇನು ಮಾಡುತ್ತೆ? ಸೂಜಿ ಮುಟ್ಟದೆ ಟೈಲರ್ ಆದವನು ಅಂದ್ರೆ ನೀನೊಬ್ಬನೇ ಬಿಡು."

ಕಪ್ಪು ನಾರಿನ ಬಟ್ಟೆಯನ್ನು ಅವಳ ಮೇಜಿನ ಮೇಲೆಯೇ ಹಾಸಿ, ಅಳತೆಗೆ ಕತ್ತರಿಸಿಟ್ಟು, ಅಂಟಿನ ಡಬ್ಬ ತರಲು ವ್ಯಾನಿನ ಬಳಿಗೆ ಹೋದ. ತಿರುಗಿ ಬರುವಾಗ ದೊಡ್ಡಮ್ಮ ಮೇಜಿನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ.

"ಅಂಚಲ್ಲಿ ಮಡಿಕೆ ಬಿದ್ದಿತ್ತು ಕಣೋ. ನೀರು ಚಿಮುಕಿಸಿ ಇಸ್ತ್ರಿ ಎಳೆದೆ. ಹೇಗೆ ಕೂತಿದೆ ನೋಡು!"

ಟೊಂಕದಣ್ಣ ಬಟ್ಟೆಯ ಅಂಚು ಮುಟ್ಟಿ ನೋಡಿದ. ಒಮ್ಮೆ ತೇವ ತಗುಲಿದರೆ, ಒಣಗಿಸಿದರೂ ಆ ಬಟ್ಟೆಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಾಗೇ ಸುತ್ತಿದರೆ ಹೊರಗೆ ಥಳಥಳ, ಒಳಗೆ ಟೊಳ್ಳು. ಬೇರೆ ಬಟ್ಟೆ ತರಿಸಿದರೆ ತಡ, ಮಾಲೀಕರಿಗೋ ತಾಳ್ಮೆಯಿಲ್ಲ. ಆದರೆ ದೊಡ್ಡಮ್ಮನ ಮುಖದಲ್ಲಿ ಅಷ್ಟು ಸಂತೋಷ.

"ಚೆನ್ನಾಗಿದೆ ದೊಡ್ಡಮ್ಮ," ಎಂದು ಹೊರಗೆ ಬಂದ. ಇಂಜಿನಿಯರ್ ಮೇಡಂ ಆಗಷ್ಟೇ ಬಂದಿಳಿದಿದ್ದರು.

"ಬಟ್ಟೆ ಒದ್ದೆ ಆಗಿದೆ ಮೇಡಂ. ಬೇರೆ ತರಿಸ್ಬೇಕು."

"ಒದ್ದೆನಾ? ಹೇಗೆ?"

"ನನ್ನ ಕೈ ತಪ್ಪು."

ಮೇಡಂ ಇನ್ನೇನು ಬಾಯಿ ತೆರೆಯಬೇಕು, ಬಾಗಿಲಲ್ಲಿ ಇಸ್ತ್ರಿ ಪೆಟ್ಟಿಗೆ ಕಾಣಿಸಿತು. ಅದರ ಹಿಂದೆಯೇ ದೊಡ್ಡಮ್ಮ.

"ಎಲಾ ಇವನ! ನನ್ನ ಮಾತನ್ನ ಕದ್ದು ನನ್ನ ಬಾಗಿಲಲ್ಲೇ ಮಾರ್ತೀಯಾ? ನೀರು ಹಾಕಿದ್ದು ನಾನು ಕಣಮ್ಮ. ಅವನನ್ನ ಬೈಬೇಡ. ಬೇಕಿದ್ರೆ ಪೆಟ್ಟಿಗೆ ಮುಟ್ಟಿ ನೋಡು, ಇನ್ನೂ ಬಿಸಿ ಇದೆ."

ಮೇಡಂ ನಗು ತಡೆಯಲು ಹೋಗಿ ಸೋತರು. ಬೇರೆ ಬಟ್ಟೆಗೆ ಹೇಳಿ ಕಳಿಸಿ, ಮಾಲೀಕರಿಗೂ ತಾವೇ ಫೋನು ಮಾಡಿದರು. "ಜಾಕಿ ಇದೆ, ಭಯ ಇಲ್ಲ ಸಾರ್. ಅವಸರ ಮಾಡಿದ್ರೇನೇ ಭಯ." ಮಾಲೀಕರು ಗೊಣಗಿಕೊಂಡೇ ಒಪ್ಪಿದರು.

ಹೊಸ ಬಟ್ಟೆ ಬಂದ ದಿನ ದೊಡ್ಡಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಳು. ಟೊಂಕದಣ್ಣ ಅಂಟು ಬೆರೆಸಿ ಬಳಿದ, ಬಟ್ಟೆ ಸುತ್ತಿದ, ರೋಲರ್ ಓಡಿಸಿ ಒಳಗಿನ ಗಾಳಿಯನ್ನು ಹೊರದಬ್ಬಿದ.

"ನಡುವಿಂದ ಅಂಚಿಗೆ," ಎಂದಿತು ಸ್ಟೂಲು.

"ಗೊತ್ತು ದೊಡ್ಡಮ್ಮ."

"ಗೊತ್ತಿಲ್ಲದೆ ಏನು, ಕಲಿಸಿದ್ದು ಯಾರು?"

ಅಂಟು ಗಟ್ಟಿಯಾದ ಮೇಲೆ, ಮಾಲೀಕರ ಎದುರಿಗೇ, ಮೇಡಂ ಪುಟ್ಟ ಸುತ್ತಿಗೆಯಿಂದ ಕಂಬವನ್ನು ಸುತ್ತಲೂ ತಟ್ಟುತ್ತ ಬಂದರು. ಟೊಳ್ಳಿದ್ದರೆ ಡಬಡಬ ಎನ್ನುತ್ತದೆ. ಟಣ್, ಟಣ್, ಟಣ್. ಕೆಳಗಿನಿಂದ ಮೇಲಿನವರೆಗೂ ಒಂದೇ ದನಿ. ಜಾಕಿಗಳನ್ನು ಒಂದೊಂದಾಗಿ ಇಳಿಸಿದರು. ಕಂಬ ಮಿಸುಕಲಿಲ್ಲ.

"ಸರಿ, ಅಂಗಡಿ ಇರಲಿ," ಎಂದು ಮಾಲೀಕರು ಹೊರಟರು.

ದೊಡ್ಡಮ್ಮ ಕಂಬವನ್ನು ಸವರಿದಳು. "ಸುಕ್ಕೇ ಇಲ್ಲ ಕಣೋ." ದನಿ ಒದ್ದೆಯಾಗಿತ್ತು. "ನೀನಿದ್ದೆ, ನನ್ನ ಅಂಗಡಿ ಉಳೀತು."

"ಅವತ್ತು ನೀನು ನನ್ನನ್ನ ನಿನ್ನ ಬೆನ್ನ ಹಿಂದೆ ಸರಿಸಿಕೊಂಡೆಯಲ್ಲ, ಅದಕ್ಕೇ ಈ ಕೈ ಇನ್ನೂ ಬಟ್ಟೆ ಮುಟ್ಟುತ್ತೆ," ಎಂದ ಅವನು. ತನ್ನ ಕಣ್ಣೂ ತುಂಬಿತೆಂದು ಗೊತ್ತಾಗಿ ಮಾತು ತಿರುಗಿಸಿದ. "ಒಂದು ವಿಷಯ. ಇನ್ಮೇಲೆ ಇದಕ್ಕೆ ಮೊಳೆ ಹೊಡೆಯೋ ಹಾಗಿಲ್ಲ. ನಾರು ಕಡಿಯುತ್ತೆ."

"ಅಯ್ಯೋ, ನನ್ನ ಟೇಪು, ಕತ್ತರಿ ಎಲ್ಲ ಇದರ ಮೊಳೆಗೇ ತಾನೇ ನೇತು ಹಾಕ್ತಿದ್ದಿದ್ದು?"

ಒಂದು ಗಳಿಗೆ ಯೋಚಿಸಿ ಕಪಾಟಿನ ತಳಕ್ಕೆ ಕೈ ಹಾಕಿದಳು. ಹೊರಗೆ ಬಂದವು ಕೋಟಿನ ಎರಡು ತೋಳುಗಳು, ಎರಡೂ ಎಡಗೈಯವು. ಅವುಗಳ ತುದಿಗೆ ತುದಿ ಸೇರಿಸಿ, ಉದ್ದ ಸಾಲದ ಕಡೆ ಪಟ್ಟಿ ಕೊಟ್ಟು, ಒಳಗೆ ಹತ್ತಿ ತುರುಕಿ ಮಷೀನಿನಲ್ಲಿ ಸರಸರನೆ ಹೊಲಿದಳು. ಕಂಬದ ನಡುವಿಗೆ ಬಿಗಿದು ಗಂಟು ಹಾಕಿ, ಗುಂಡುಪಿನ್ನುಗಳನ್ನು ಚುಚ್ಚಿ, ಟೇಪನ್ನೂ ಕತ್ತರಿಯನ್ನೂ ಅದಕ್ಕೇ ಸಿಕ್ಕಿಸಿದಳು.

"ಎರಡು ಎಡಗೈಯವನು ಸಿಗಲೇ ಇಲ್ಲ ಮಗಾ," ಎಂದಳು. "ಕೈಯೇ ಇಲ್ಲದವನು ಸಿಕ್ಕ. ಅಳತೆ ಸರಿಹೋಯ್ತು."